ಕೂಗಿ ಹೇಳುವ ಮಾತಲ್ಲ

"ಸಾರ್, ಕನ್ನಡಕ ಹಾಕೋದು ಕಣ್ಣಿಗೆ. ನೀವು ಎಲ್ಲಿ ನೋಡ್ತಿದ್ದೀರ?"

ಸಮನ್ವಿತಾ ನನ್ನೊಡನೆ ಆಡಿದ ಮೊದಲ ಮಾತು ಇದು. ಅವಳದೇನೂ ತಪ್ಪಿಲ್ಲ ಬಿಡಿ. ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದ ಅಂಗಡಿಯಲ್ಲಿ, ಒಂದು ಗೇಣು ದೂರದಲ್ಲಿ ಎದುರುಬದುರು ಕೂತು, ಅವಳ ಮೂಗಿನ ಮೇಲೆ ಅಳತೆಪಟ್ಟಿ ಇಟ್ಟುಕೊಂಡು ನಾನು ನೋಡುತ್ತಿದ್ದುದು ಅವಳ ತುಟಿಗಳನ್ನು. ಬೇರೆ ಯಾರೇ ಆಗಿದ್ದರೂ ಮಾಲೀಕರನ್ನು ಕರೆಯುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಮೇಡಂ. ನನಗೆ ಕಿವಿ ಮಂದ. ತುಟಿ ನೋಡಿದ್ರೇನೇ ಮಾತು ಗೊತ್ತಾಗೋದು. ಬೇಡ ಅಂದ್ರೆ ನೋಡಲ್ಲ. ಆಮೇಲೆ ನೀವು ನೀಲಿ ಫ್ರೇಮ್ ಕೇಳಿದ್ರೆ ಕೆಂಪುದು ಬಂದೀತು, ಅಷ್ಟೆ."

ಹೀಗೆ ಹೇಳಿದಾಗ ಜನ ಅಯ್ಯೋ ಪಾಪ ಎನ್ನುವ ಮುಖ ಮಾಡುತ್ತಾರೆ, ಇಲ್ಲವೇ ಬಸ್ ಕಂಡಕ್ಟರಿನ ಹಾಗೆ ಕೂಗಲು ಶುರು ಮಾಡುತ್ತಾರೆ. ಅವಳು ಎರಡನ್ನೂ ಮಾಡಲಿಲ್ಲ. ಮುಂದಕ್ಕೆ ಬಾಗಿ, ಹೊಸ ಪಾತ್ರೆ ಕೊಳ್ಳುವವರು ತಳ ತಿರುಗಿಸಿ ನೋಡುವ ಹಾಗೆ ನನ್ನ ಕಿವಿಯನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿದಳು.

"ಯಾವಾಗಿಂದ?"

"ಎರಡು ಮೂರು ವರ್ಷ ಆಯ್ತು."

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

"ಯಾರಿಗೂ ಇಲ್ಲ" ಎಂದೆ. ನಮ್ಮ ಮನೆಯ ಗಂಡಸರು ಈ ಪ್ರಶ್ನೆಗೆ ತಲೆತಲಾಂತರದಿಂದ ಕೊಡುತ್ತಾ ಬಂದ ಉತ್ತರ ಅದೊಂದೇ.

ದಿನವಿಡೀ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ತಲೆನೋವು ಬರುತ್ತಿತ್ತಂತೆ, ಅದಕ್ಕೇ ಕನ್ನಡಕ. ಅಷ್ಟು ಹೊತ್ತು ಏನು ನೋಡ್ತೀರಿ ಎಂದು ಕೇಳಿದೆ. ಮೊಟ್ಟೆಯೊಳಗಿನ ಮರಿಗೆ ಕಿವಿ ಹೇಗೆ ಮೂಡುತ್ತದೆ ಅಂತ ನೋಡುವುದೇ ತನ್ನ ಕೆಲಸ ಎಂದಳು. ಮೊಟ್ಟೆಯ ಸಿಪ್ಪೆಯಲ್ಲಿ ಸಣ್ಣದೊಂದು ಕಿಟಕಿ ಕೊರೆದು, ಒಳಗೆ ನೋಡಿ, ಮತ್ತೆ ಟೇಪು ಅಂಟಿಸಿ ಕಾವಿಗೆ ಇಡುತ್ತಾಳಂತೆ.

"ಕೋಳಿಗೆ ಕಿವಿ ಇರುತ್ತಾ?"

"ನಿಮಗಿಂತ ಚೆನ್ನಾಗಿರೋದೇ ಇರುತ್ತೆ" ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ನನಗೆ ನಗು ಬಂತು. ಕಿವಿ ಕೆಡಲು ಶುರುವಾದ ಮೇಲೆ ನನ್ನನ್ನು ಯಾರೂ ಹಾಗೆ ಛೇಡಿಸಿರಲಿಲ್ಲ.

ಕನ್ನಡಕ ಕೊಟ್ಟ ಮೇಲೂ ಅವಳು ಬಂದಳು. ಫ್ರೇಮು ಜಾರುತ್ತದೆ ಎಂದಳು. ಸರಿ ಮಾಡಿ ಕಳಿಸಿದೆ. ಮತ್ತೆ ಬಂದಳು, ಮತ್ತೆ ಜಾರುತ್ತದೆ ಎಂದಳು.

"ಮೂಗು ಸರಿ ಇದೆ, ಫ್ರೇಮೂ ಸರಿ ಇದೆ. ಜಾರ್ತಿರೋದು ಏನು ಮೇಡಂ?"

ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಎಡ ಹುಬ್ಬು ಒಂದಿಷ್ಟು ಮೇಲೇರಿತು. ತುಟಿಯ ಒಂದು ತುದಿ ನಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ನಿಂತು, ಆಮೇಲೆ ನಕ್ಕೇಬಿಟ್ಟಿತು.

"ಕಾಫಿಗೆ ಹೋಗೋಣ್ವಾ? ಇಲ್ಲಿ ನಿಮ್ಮ ಓನರ್ ನಮ್ಮನ್ನೇ ನೋಡ್ತಿದ್ದಾರೆ."

ಹೋದೆವು. ಆಮೇಲೆ ಹೋಗುತ್ತಲೇ ಇದ್ದೆವು. ನೀವು ಹೋಗಿ ನೀನು ಬಂತು, ಸಾರ್ ಹೋಗಿ ಸಿದ್ಧಾರ್ಥ ಬಂತು.

ಕಿವಿ ಮಂದ ಇರುವವನನ್ನು ಪ್ರೀತಿಸುವುದರಲ್ಲಿ ಒಂದು ಲಾಭವಿದೆ ಎಂದು ಅವಳೇ ಕಂಡುಹಿಡಿದಳು. ಬನಶಂಕರಿಯಿಂದ ಹೊರಡುವ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ಕಂಬಿ ಹಿಡಿದು. ನಡುವೆ ಅರ್ಧ ಬೆಂಗಳೂರು. ಅವಳು ತಿರುಗಿ, ದನಿ ಹೊರಡಿಸದೆ ತುಟಿಯಲ್ಲೇ ಹೇಳುತ್ತಿದ್ದಳು. ಆ ಹಸಿರು ಶರ್ಟ್ ಹಾಕ್ಬೇಡ, ಗಿಣಿ ಥರ ಕಾಣ್ತೀಯ. ಮರುದಿನ, ಗಿಣಿ ಶರ್ಟ್ ಯಾಕೆ ಹಾಕಿಲ್ಲ, ಬೇಜಾರಾಯ್ತು. ಇನ್ನೂ ಏನೇನೋ ಹೇಳುತ್ತಿದ್ದಳು, ಅವನ್ನೆಲ್ಲ ಬರೆಯುವ ಹಾಗಿಲ್ಲ. ಅವಳ ಪಕ್ಕದಲ್ಲಿ ಕೂತ ಆಂಟಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ನಾನು ಹಿಂದೆ ನಿಂತು ಬಿಸಿಯಾದ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ತಿರುಗಿಸಿದರೆ ಮುಂದಿನ ಮಾತು ತಪ್ಪಿಹೋಗುತ್ತದೆಂದು ಮತ್ತೆ ಅವಳ ಕಡೆಗೇ ನೋಡುತ್ತಿದ್ದೆ.

ಕಷ್ಟವಿದ್ದುದು ಹತ್ತಿರ ಬಂದಾಗ. ಅವಳ ಮುಖ ನನ್ನ ಕಿವಿಯ ಬಳಿ ಬಂದರೆ ಸಾಕು, ನನ್ನ ಹಿಯರಿಂಗ್ ಏಡ್ ಕುಂಯ್ ಎಂದು ಸಿಳ್ಳೆ ಹೊಡೆಯುತ್ತಿತ್ತು. ಅಗ್ಗದ್ದು, ಅದರ ಗುಣವೇ ಹಾಗೆ. ಮೊದಲ ಸಲ ಅವಳು ಬೆಚ್ಚಿ ಹಿಂದಕ್ಕೆ ಸರಿದಳು.

"ಏನಿದು, ನಿಮ್ಮಮ್ಮ ಕಾವಲಿಗೆ ಇಟ್ಟಿರೋದಾ?"

ಇಬ್ಬರೂ ನಕ್ಕೆವು. ತೆಗೆದಿಟ್ಟರೆ ಅವಳು ಹತ್ತಿರ ಬರಬಹುದಿತ್ತು, ಆದರೆ ಆಗ ಅವಳ ಮಾತು ಕೇಳಿಸುತ್ತಿರಲಿಲ್ಲ. ಇದನ್ನು ಆ ದಿನಗಳಲ್ಲಿ ನಾವು ತಮಾಷೆಯೆಂದೇ ತಿಳಿದಿದ್ದೆವು.

ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ನಾವು ಗೊಟ್ಟಿಗೆರೆಯವರು, ಬನ್ನೇರುಘಟ್ಟ ರಸ್ತೆಗೆ ಅಪಾರ್ಟ್‌ಮೆಂಟುಗಳು ಬರುವುದಕ್ಕೆ ಎಷ್ಟೋ ಮೊದಲಿನಿಂದ. ನಮ್ಮ ವಂಶದಲ್ಲಿ ಮೂವತ್ತರ ಆಸುಪಾಸಿಗೆ ಕಿವಿ ಹೋಗುತ್ತದೆ. ತಾತನದು ಕಲ್ಲುಕ್ವಾರಿಯ ಸಿಡಿಮದ್ದಿಗೆ ಹೋಯಿತಂತೆ. ಸೋದರತ್ತೆಯದು ಜ್ವರಕ್ಕೆ. ನಮ್ಮಪ್ಪ ಮಾರಯ್ಯನದು ಬಸ್ ಡಿಪೋದ ಇಂಜಿನ್ ಸದ್ದಿಗೆ. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಂದಿಸಿ, ಕಿವಿ ಹೋಗುವ ಮೊದಲೇ ಮದುವೆ ಮಾಡಿ ಮುಗಿಸಿಬಿಡುವುದು ಮನೆಯ ಪದ್ಧತಿ. ಸಂಬಂಧದವರು ಬಂದ ದಿನ ಆಗಲೇ ಕಿವುಡರಾದ ಹಿರಿಯರು ಮೌನವ್ರತದಲ್ಲಿ ಕೂತುಬಿಡುತ್ತಾರೆ. ತಾತ ಅದನ್ನು ಶನಿವಾರದ ಮೌನ ಎನ್ನುತ್ತಿದ್ದನಂತೆ. ಅಪ್ಪ ಬೌದ್ಧನಾದ ಮೇಲೆ ವಿಪಶ್ಯನ ಧ್ಯಾನ ಎನ್ನುತ್ತಾನೆ. ಇದು ಇನ್ನೂ ಅನುಕೂಲ, ಯಾವ ವಾರವಾದರೂ ನಡೆಯುತ್ತದೆ. ನಮ್ಮಮ್ಮ ನಾಗಲಕ್ಷ್ಮಮ್ಮನನ್ನು ಈ ಮನೆಗೆ ತಂದಿದ್ದು ತಾತನ ಆ ಮೌನವನ್ನು ತೋರಿಸಿಯೇ.

ಸಮನ್ವಿತಾಳನ್ನು ಕರೆದುಕೊಂಡು ಹೋದ ಭಾನುವಾರ ಅಪ್ಪ ಬಿಳಿ ಶರ್ಟು ಹಾಕಿ, ಬುದ್ಧನ ಪಟದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ. ಅವಳು ಮಾಂಸ ತಿನ್ನುವುದಿಲ್ಲವೆಂದು ಅಮ್ಮ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು.

"ಅವರು ಧ್ಯಾನದಲ್ಲವ್ರೆ ಕಣಮ್ಮ, ಇವತ್ತು ಮಾತಾಡಂಗಿಲ್ಲ" ಎಂದಳು ಅಮ್ಮ.

ಅಷ್ಟರಲ್ಲಿ ಅಡುಗೆಮನೆಯ ಕಟ್ಟೆಯಿಂದ ಸ್ಟೀಲಿನ ತಪ್ಪಲೆ ಬಿತ್ತು. ಬಾಗಿಲಾಚೆ ಮಲಗಿದ್ದ ನಾಯಿ ಎದ್ದು ನಿಂತಿತು. ನನಗೇ ಕೇಳಿಸಿತು. ಅಪ್ಪನ ರೆಪ್ಪೆ ಅಲುಗಲಿಲ್ಲ. ಸಮನ್ವಿತಾ ನನ್ನ ಕಡೆ ತಿರುಗಿ, ದನಿಯಿಲ್ಲದೆ, ನಿಮ್ಮಪ್ಪನ ಧ್ಯಾನ ಸಖತ್ತಾಗಿದೆ ಎಂದಳು.

ವಾಪಸ್ಸು ಬರುವಾಗ ಬಸ್‌ಸ್ಟಾಪಿನಲ್ಲಿ ಕೇಳಿದಳು. "ಮನೇಲಿ ಯಾರಿಗೂ ಇಲ್ಲ ಅಂದಿದ್ಯಲ್ಲ?"

"ಹಾಗನ್ನೋದು ಅಭ್ಯಾಸ."

"ನಾನೇನೂ ನಂಬಿರಲಿಲ್ಲ ಬಿಡು. ಕಿವಿ ಓದೋದೇ ನನ್ನ ಹೊಟ್ಟೆಪಾಡು."

ಅವಳ ಮಾತಿಗೆ ಕಟ್ಟುಬಿದ್ದು ನಾನು, ಅಪ್ಪ ಇಬ್ಬರೂ ಆಸ್ಪತ್ರೆಯೊಂದಕ್ಕೆ ಹೋಗಿ ಜೀನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ರಿಪೋರ್ಟು ಬಂತು. ಅದರಲ್ಲಿದ್ದುದು ನಮಗೆ ತಿಳಿಯಲಿಲ್ಲ. ಅಮ್ಮನೇ ಹೇಳಿದಳು, ಆ ಹುಡುಗೀನ ಕರೀ, ಬಿಡಿಸಿ ಹೇಳಲಿ.

ಅವಳು ಬಂದು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಳು.

"ಮನೆ ಕಟ್ಟೋಕೆ ಮೇಸ್ತ್ರಿ ಬೇಕಲ್ವಾ ಆಂಟಿ, ಕಿವಿ ಕಟ್ಟೋಕೂ ಬೇಕು. ಮೈಯಲ್ಲಿರೋ ಎಲ್ಲಾ ಸೆಲ್ಲಲ್ಲೂ ಇರೋದು ಅವೇ ಜೀನುಗಳು. ಆದ್ರೆ ತಾಯಿ ಹೊಟ್ಟೇಲಿ ಇರೋವಾಗ, ಕಿವಿ ಬರಬೇಕಾದ ಜಾಗದಲ್ಲಿ ಮಾತ್ರ ಕೆಲವು ಜೀನುಗಳ ಸ್ವಿಚ್ ಆನ್ ಆಗುತ್ತೆ. ಒಂದು ಇನ್ನೊಂದನ್ನ ಎಬ್ಬಿಸುತ್ತೆ, ಅದು ಮತ್ತೊಂದನ್ನ ಸುಮ್ಮನೆ ಕೂರಿಸುತ್ತೆ. ಹಾಗೇ ಒಳಗಿವೀಲಿ ಸದ್ದು ಹಿಡಿಯೋ ಸೆಲ್‌ಗಳು ಬರುತ್ತೆ. ಬಂದ ಮೇಲೆ ಅವನ್ನ ಕಾಯೋಕೆ ಒಬ್ಬ ವಾಚ್‌ಮನ್ ಬೇಕು. ಅದೂ ಒಂದು ಜೀನೇ. ಕೆಲಸ ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ ಅಂತ ಬೇರೆ ಜೀನುಗಳಿಗೆ ಅದು ನಾವು ಸಾಯೋ ತನಕ ಹೇಳ್ತಾ ಇರಬೇಕು. ನಿಮ್ಮ ಮನೇಲಿ ಮೇಸ್ತ್ರಿ ಚೆನ್ನಾಗೇ ಕಟ್ಟಿದ್ದಾನೆ. ವಾಚ್‌ಮನ್ ಸರಿ ಇಲ್ಲ. ಅದಕ್ಕೇ ಚಿಕ್ಕೋರಿದ್ದಾಗ ಎಲ್ಲಾ ಸರಿ ಇದ್ದು, ಆಮೇಲೆ ಹೋಗೋದು."

"ಹಂಗಾದ್ರೆ ಡಿಪೋ ಇಂಜಿನ್ ಅಲ್ಲ" ಎಂದಳು ಅಮ್ಮ.

"ಅಲ್ಲ ಆಂಟಿ."

"ಕ್ವಾರಿ ಮದ್ದೂ ಅಲ್ಲ."

"ಅಲ್ಲ."

ಅಮ್ಮ ಅಪ್ಪನ ಕಡೆ ನೋಡುತ್ತಾ ಕೂತಳು. ಅಪ್ಪ ಪಾಪ, ಎಲ್ಲರ ತುಟಿ ನೋಡಿ ನೋಡಿ ಸುಸ್ತಾಗಿ, ಏನೋ ಒಳ್ಳೆಯ ಮಾತು ನಡೆದಿದೆ ಎಂದುಕೊಂಡು ನಗುತ್ತಿದ್ದ.

ನನಗೆ ಉಳಿದಿದ್ದ ಪ್ರಶ್ನೆ ಒಂದೇ. ಅದನ್ನು ಹಿಂದಿನ ವಾರವೇ ಕಾಫಿ ಕುಡಿಯುತ್ತಾ ಅವಳನ್ನು ಕೇಳಿ ಆಗಿತ್ತು. ಕೋಳಿಗೆ ಆ ಸೆಲ್ ಸತ್ತರೆ ಪಕ್ಕದಲ್ಲಿ ಸುಮ್ಮನಿದ್ದ ಸೆಲ್ ಎದ್ದು ಅದರ ಜಾಗಕ್ಕೆ ಬರುತ್ತದಂತೆ. ಮೊಟ್ಟೆಯಲ್ಲಿದ್ದಾಗಿನ ಸ್ವಿಚ್ಚು ಮತ್ತೆ ಹೊತ್ತಿಕೊಳ್ಳುತ್ತದಂತೆ. ಮನುಷ್ಯರಿಗೆ ಆ ಸ್ವಿಚ್ಚು ಹುಟ್ಟುವ ಹೊತ್ತಿಗೇ ಆರಿಹೋಗಿರುತ್ತದಂತೆ.

"ಅಂದ್ರೆ ನಮ್ಮನೇಲಿ ಭಾನುವಾರ ತಿನ್ನೋದೆಲ್ಲ ನನಗಿಂತ ಅದೃಷ್ಟವಂತರನ್ನೇ" ಎಂದಿದ್ದೆ. "ಆ ಸ್ವಿಚ್ ಮತ್ತೆ ಹಾಕೋಕಾಗಲ್ವಾ?"

"ತುಂಬಾ ಜನ ಒದ್ದಾಡ್ತಿದ್ದಾರೆ. ನಾನೂ ಅವರಲ್ಲಿ ಒಬ್ಬಳು."

"ನಮ್ಮ ಕಾಲಕ್ಕೆ ಆಗುತ್ತಾ?"

ಅವಳು ಆಗಲೇ ಕರಗಿದ್ದ ಸಕ್ಕರೆಯನ್ನು ಮತ್ತೆ ಕಲಕಿದಳು. "ನಿನಗೆ ಸುಳ್ಳು ಹೇಳಲ್ಲ. ಆಗಲ್ಲ ಅನ್ಸುತ್ತೆ. ಆಪರೇಷನ್ ಮಾಡಿಸಿ ಕಿವಿಯೊಳಗೆ ಇಂಪ್ಲಾಂಟ್ ಹಾಕಿಸ್ಕೋಬಹುದು, ಮಾತು ತಿಳಿಯುತ್ತೆ. ಆದ್ರೆ ಮಲಗೋವಾಗ ಅದರ ಮಿಷಿನ್ನೂ ತೆಗೆದಿಡಬೇಕು."

ಆದರೂ ನಾನು ಮದುವೆಯ ಆಸೆ ಬಿಟ್ಟಿರಲಿಲ್ಲ. ಆಸೆ ಎಂದರೆ ಬಾಯಾರಿಕೆಯ ಹಾಗೆ ಇತ್ತು, ಬೇರೆ ಯಾವ ಯೋಚನೆಯೂ ಬರುತ್ತಿರಲಿಲ್ಲ. ಅವಳ ಅಪ್ಪ ಸೇತುರಾಮ ಅವರು ಜಯನಗರದ ಹಳೆಯ ಮನೆತನದವರು, ನಮ್ಮಂಥವರ ಮನೆಯಲ್ಲಿ ನೀರು ಕುಡಿಯಲೂ ಯೋಚಿಸುವವರು. ಆ ಜಗಳಕ್ಕೆ ನಾವಿಬ್ಬರೂ ಸೊಂಟ ಕಟ್ಟಿ ತಯಾರಾಗಿದ್ದೆವು. ಯಾವ ಮಾತಿಗೆ ಯಾವ ಉತ್ತರ ಎಂದು ಅವಳು ನನಗೆ ಪಾಠ ಕೂಡ ಮಾಡಿದ್ದಳು. ಆ ಜಗಳದವರೆಗೆ ನಾವು ಹೋಗಲೇ ಇಲ್ಲ.

ಏಕೆಂದರೆ ರಿಪೋರ್ಟು ಬಿಡಿಸಿ ಹೇಳಿದ ದಿನವೇ, ಊಟವಾದ ಮೇಲೆ, ಸಮನ್ವಿತಾ ತಟ್ಟೆ ತೊಳೆಯಲು ಅಮ್ಮನ ಜೊತೆ ಅಡುಗೆಮನೆಗೆ ಹೋದಳು. ನಾನು ನಡುಮನೆಯಲ್ಲಿದ್ದೆ. ಬಾಗಿಲಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಅವಳ ಭುಜದಾಚೆ ಅಮ್ಮನ ಮುಖ. ಅಮ್ಮ ದನಿ ತಗ್ಗಿಸಿ ಮಾತಾಡುತ್ತಿದ್ದಳು. ಅವಳ ಕತ್ತಿನ ನರ ಉಬ್ಬಿರಲಿಲ್ಲ, ಅದರಿಂದ ತಿಳಿಯಿತು. ಮೆತ್ತಗೆ ಹೇಳಿದರೆ ಮಗನಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳು. ನಾನು ಓದುವುದು ತುಟಿಯನ್ನು ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

"ತುಟಿ ನೋಡಿ ತಿಳ್ಕೋತಾನೆ ಅಂತ ನೀನು ಧೈರ್ಯವಾಗಿದ್ದೀಯ. ಇವ್ರೂ ತಿಳ್ಕೋತಿದ್ರು. ಲೈಟ್ ಆರಿಸಿದ ಮೇಲೆ ಏನು ನೋಡ್ತಾರೆ ತಾಯಿ? ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ್ರೆ ಕರೆಯೋಕೂ ಆಗಲ್ಲ."

ಅಮ್ಮ ಹಿಟ್ಟಿನ ಪಾತ್ರೆ ಉಜ್ಜುತ್ತಲೇ ಹೇಳುತ್ತಿದ್ದಳು.

"ಒಳ್ಳೆ ಮನುಷ್ಯ. ಕುಡಿದಿಲ್ಲ, ಒಂದಿನ ಕೈ ಎತ್ತಿಲ್ಲ. ಆದ್ರೆ ಕಿವಿ ಹೋದಾಗಿಂದ ನಾನು ಇವ್ರತ್ರ ಮಾತೇ ಆಡಿಲ್ಲ ಕಣವ್ವ. ಕೂಗಿದ್ದೀನಿ. ಅನ್ನ ಆಯ್ತು ಅಂತ ಕೂಗಬೋದು, ಗ್ಯಾಸ್ ಬಂತು ಅಂತ ಕೂಗಬೋದು. ಮನಸಿನ ಮಾತನ್ನ ಅಕ್ಕಪಕ್ಕದೋರಿಗೆ ಕೇಳಂಗೆ ಹೆಂಗೆ ಕೂಗ್ಲಿ? ನಾಚ್ಕೆ ಆಗಲ್ವಾ? ಅದ್ಕೆ ಅಂಥ ಮಾತೇ ಬಿಟ್ಟೆ. ಬಿಟ್ಟು ಬಿಟ್ಟು ಈಗ ಒಳಗೂ ಬರೋದಿಲ್ಲ."

ಸಮನ್ವಿತಾಳ ಕೈಯ ತಟ್ಟೆ ಹಾಗೇ ನಿಂತಿತ್ತು. ನಲ್ಲಿ ಸುರಿಯುತ್ತಿತ್ತು.

"ನನಗೆ ಯಾರೂ ಹೇಳಿರಲಿಲ್ಲ. ಹೇಳ್ದೆ ತಂದು ಈ ಮನೇಲಿ ಕೂರಿಸಿದ್ರು. ನಿನಗೆ ನಾನು ಹಂಗೆ ಮಾಡಕ್ಕಿಲ್ಲ. ನನ್ನ ಮಗ ಚಿನ್ನದಂಥೋನು. ಇನ್ನು ನಿನ್ನಿಷ್ಟ."

ನಾನು ಅಪ್ಪನ ಕಡೆ ತಿರುಗಿದೆ. ಅವನು ಎಲೆ ಅಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಟಿವಿ ನೋಡುತ್ತಿದ್ದ. ಮ್ಯೂಟಿನಲ್ಲಿ.

ಆ ದಿನ ಬಸ್ಸಿನಲ್ಲಿ ಅವಳು ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಜಯನಗರದ ಪಾರ್ಕಿನಲ್ಲಿ ಭೇಟಿಯಾದೆವು. ವಾಕಿಂಗಿನ ಅಂಕಲ್‌ಗಳು ಕೈ ಬೀಸಿಕೊಂಡು ಸುತ್ತು ಹಾಕುತ್ತಿದ್ದರು. ಸಿಮೆಂಟಿನ ಬೆಂಚಿನ ಮೇಲೆ ಅವಳು ಎದುರಾಗಿ ತಿರುಗಿ ಕೂತಳು, ನನಗೆ ಮುಖ ಕಾಣಲಿ ಎಂದು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಅಮ್ಮ ಹೇಳಿದ್ದು ನೋಡ್ದೆ" ಎಂದೆ.

"ನೀನು ನೋಡಿರ್ತೀಯ ಅಂತ ಗೊತ್ತಿತ್ತು." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು, ಆಮೇಲೆ ನೆನಪಾಗಿ ಮುಖ ಮೇಲೆತ್ತಿದಳು. "ನಾನು ದಿನಾ ಕಿವಿ ಜೊತೇನೇ ಇರೋಳು. ಇದರಲ್ಲಿ ನನಗೆ ಗೊತ್ತಿಲ್ಲದ್ದೇನಿದೆ ಅಂತ ಜಂಬ ಇತ್ತು. ಮೊಟ್ಟೆಯೊಳಗೆ ಹೇಗಿರುತ್ತೆ ಅಂತ ಗೊತ್ತು. ಅಡುಗೆಮನೇಲಿ ಹೇಗಿರುತ್ತೆ ಅಂತ ಗೊತ್ತಿರಲಿಲ್ಲ."

"ಭಯ ಆಯ್ತಾ?"

"ಆಯ್ತು."

ಅವಳು ಸುಳ್ಳು ಹೇಳಲಿಲ್ಲ ಎಂದು ಸಂತೋಷವಾಯಿತು. ನೋವಾದದ್ದೂ ಅದಕ್ಕೇ.

"ಕೈಭಾಷೆ ಕಲಿಯೋಣ" ಎಂದಳು. "ನಾನು ಕಲೀತೀನಿ, ನೀನೂ ಕಲಿ."

"ಕತ್ತಲಲ್ಲಿ ಕೈ ಕಾಣುತ್ತಾ?"

"ಅಂಗೈ ಮೇಲೆ ಬರೀತೀನಿ."

"ಏನಂತ? ಗ್ಯಾಸ್ ಬಂತು ಅಂತನಾ?"

ಅವಳು ನಗಲಿಲ್ಲ. ನಾನು ನಗಿಸಲು ಹೇಳಿದ್ದೂ ಅಲ್ಲ. ಹಟಮಾರಿ ನಾನು, ಮೊದಲಿನಿಂದಲೂ ಹಾಗೇ. ಅಮ್ಮನ ಬಾಳನ್ನು ಕಣ್ಣಾರೆ ಕಂಡ ಮೇಲೆ ಅದನ್ನೇ ಇವಳ ತಲೆಗೆ ಕಟ್ಟುವುದು ನನ್ನಿಂದಾಗದು. ಇವಳಿಲ್ಲದೆ ಇರುವುದೂ ಆಗದು. ಹಾಗಿದ್ದಾಗ ಮನುಷ್ಯ ಹುಚ್ಚುಹುಚ್ಚಾಗಿ ಏನಾದರೂ ಪಣ ಕಟ್ಟುತ್ತಾನೆ.

"ಎಡಗಿವಿ ಇನ್ನೂ ಪೂರ್ತಿ ಹೋಗಿಲ್ಲ, ಸಮ್ಮು. ಏಡ್ ತೆಗೀತೀನಿ, ಕಣ್ಣು ಮುಚ್ಕೋತೀನಿ. ನಮ್ಮನೇಲಿ ಲೈಟ್ ಆರಿಸಿದ್ದಾರೆ ಅಂದ್ಕೋ. ನೀನು ಕಿವೀಲಿ ಮೆತ್ತಗೆ ಹೇಳು. ಕೇಳಿಸಿದ್ರೆ ನಮಗಿನ್ನೂ ಒಂದಿಷ್ಟು ವರ್ಷ ಇದೆ. ಇವತ್ತೇ ನಿಮ್ಮಪ್ಪನ ಹತ್ರ ಬರ್ತೀನಿ."

"ಕೇಳಿಸ್ಲಿಲ್ಲ ಅಂದ್ರೆ?"

"ಕೇಳಿಸ್ಲಿಲ್ಲ ಅಂತ್ಲೇ ಹೇಳ್ತೀನಿ. ನಮ್ಮನೆ ಗಂಡಸರ ಥರ ಧ್ಯಾನಕ್ಕೆ ಕೂರಲ್ಲ."

"ಹುಚ್ಚು ನಿನಗೆ" ಎಂದಳು. ಆದರೂ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹತ್ತಿರ ಸರಿದಳು. ಅವಳಿಗೂ ಗೆಲ್ಲುವ ಆಸೆಯಿತ್ತು.

ಏಡ್ ತೆಗೆದು ಜೇಬಿಗೆ ಹಾಕಿ ಕಣ್ಣು ಮುಚ್ಚಿದೆ. ಕೊಬ್ಬರಿ ಎಣ್ಣೆಯ ವಾಸನೆ, ಅದರೊಳಗೆ ಲ್ಯಾಬಿನ ಸ್ಪಿರಿಟ್ಟಿನ ವಾಸನೆ. ಅವಳ ಮೂಗಿನ ತುದಿ ನನ್ನ ಕಿವಿಗೆ ತಾಗಿತು. ಉಸಿರು ಬಿಸಿಬಿಸಿಯಾಗಿ ಬಂದು ಕಿವಿಯ ಮೇಲೆ ಬಿತ್ತು, ನಿಂತಿತು, ಮತ್ತೆ ಬಿತ್ತು. ಅವಳು ಮಾತಾಡುತ್ತಿದ್ದಾಳೆಂದು ಕುತ್ತಿಗೆಯ ರೋಮಕ್ಕೆಲ್ಲ ಗೊತ್ತಾಯಿತು. ಸದ್ದಿಲ್ಲ. ಏನೂ ಇಲ್ಲ.

ಅವಳು ಏನು ಹೇಳಿರಬಹುದೆಂದು ನನಗೆ ಗೊತ್ತಿಲ್ಲವೇ? ಕೇಳಿಸಿತು ಎಂದುಬಿಟ್ಟಿದ್ದರೆ ಸಾಕಿತ್ತು. ಸಂಜೆಯೊಳಗೆ ಸೇತುರಾಮರ ಮನೆಯ ಗೇಟಿನ ಎದುರು ನಿಂತಿರುತ್ತಿದ್ದೆ. ಆ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಕೇಳಿಸ್ಲಿಲ್ಲ" ಎಂದೆ.

ಉಸಿರು ಮತ್ತೆ ಬಿತ್ತು, ಈ ಸಲ ಇನ್ನಷ್ಟು ಒತ್ತಿ.

"ಇಲ್ಲ."

ಅವಳ ಕೈ ನನ್ನ ತೋಳನ್ನು ಹಿಡಿಯಿತು. ಗೋಡೆಯಾಚೆ ಯಾರೋ ಮಾತಾಡಿದ ಹಾಗೆ ಏನೋ ಒಂದು ಗುಂಯ್‌ಗುಟ್ಟಿತು. ದನಿ ಗಂಡಸಿನದೋ ಹೆಂಗಸಿನದೋ ಎಂದೂ ತಿಳಿಯದಷ್ಟು ದೂರ.

"ಮಾತು ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳು."

ನಾನು ಬೇಡಿಕೊಳ್ಳುತ್ತಿದ್ದೆ. ಅವಳ ಉಗುರುಗಳು ತೋಳಿಗೆ ನಾಟಿದವು. ಮತ್ತೆ ಹೇಳಿದಳು, ಮತ್ತೆ, ಮತ್ತೆ. ಆಮೇಲೆ ಇದ್ದಕ್ಕಿದ್ದಂತೆ ಕೇಳಿಸಿತು. ಇಡೀ ಮಾತು, ಒಂದಕ್ಷರ ಬಿಡದೆ.

"ನಾನು ನಿನ್ನನ್ನ ಪ್ರೀತಿಸ್ತೀನಿ ಸಿದ್ಧಾರ್ಥ, ನಿನ್ನ ಬಿಟ್ಟು ಇರೋಕೆ ನನಗೆ ಬರಲ್ಲ."

ಸಂತೋಷದಿಂದ ಕಣ್ಣು ತೆರೆದೆ.

ವಾಕಿಂಗಿನ ದಾರಿಯಲ್ಲಿ ಎಲ್ಲರೂ ನಿಂತುಬಿಟ್ಟಿದ್ದರು. ಮಂಕಿ ಕ್ಯಾಪಿನ ಅಂಕಲ್ ಒಬ್ಬರು ಬಾಯಿ ತೆರೆದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಪಕ್ಕದ ಬೆಂಚಿನ ಹೆಂಗಸರು ಒಬ್ಬರ ಮೇಲೊಬ್ಬರು ಬಾಗಿ ನಗುತ್ತಿದ್ದರು. ಆಚೆ ಗೇಟಿನ ಬಳಿ ಎಳನೀರಿನವನು ಕೊಚ್ಚುವುದನ್ನು ನಿಲ್ಲಿಸಿ ಇತ್ತ ತಿರುಗಿದ್ದ. ಸಮನ್ವಿತಾಳ ಮುಖ ಕೆಂಪೇರಿತ್ತು. ಕತ್ತಿನ ನರಗಳು ಉಬ್ಬಿ ನಿಂತಿದ್ದವು. ಅವಳಿಗೂ ತನ್ನ ದನಿ ಕೇಳಿಸಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ನಾಚಿಕೆಯಿಂದ ಕಣ್ಣಲ್ಲಿ ನೀರು ತುಂಬಿ ಬಂತು.

"ಕೇಳಿಸ್ತು" ಎಂದೆ.

ಅವಳು ಕೈ ತೆಗೆದಳು. ಅವಳ ತುಟಿ ನಿಧಾನವಾಗಿ ಆಡಿತು. ಅದರಲ್ಲಿ ದನಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

"ಎಲ್ಲರಿಗೂ ಕೇಳಿಸ್ತು."

ಆಮೇಲೆ ನಾವು ಏನನ್ನೂ ತೀರ್ಮಾನ ಮಾಡಲಿಲ್ಲ. ಕಿವಿಯಲ್ಲಿ ಹೇಳಬೇಕಿದ್ದ ಮಾತು ಪಾರ್ಕಿಗೆಲ್ಲ ಕೇಳಿಸಿದ ಮೇಲೆ ಮಾಡುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ತೋಳಿನ ಮೇಲೆ ಉಗುರಿನ ಗುರುತು ಮೂಡಿದ್ದ ಜಾಗವನ್ನು ಸವರುತ್ತಾ ಕೂತಿದ್ದಳು. ಆಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. ಅಂಕಲ್‌ಗಳು ದಾರಿ ಬಿಟ್ಟರು. ಅವಳು ಗೇಟಿನ ತನಕ ನಡೆದು ಹೋದಳು, ಬೇಗಬೇಗ ಅಲ್ಲ, ಮಾಮೂಲು ನಡಿಗೆಯಲ್ಲೇ. ಮೆತ್ತಗೆ ಒಮ್ಮೆ ಹೆಸರು ಹಿಡಿದು ಕರೆದಿದ್ದರೂ ಅವಳಿಗೆ ಕೇಳಿಸುತ್ತಿತ್ತು. ಅವಳ ಕಿವಿ ಚೆನ್ನಾಗಿದೆ. ನಾನು ಕರೆಯಲಿಲ್ಲ.